ಕಸ್ತೂರಿ ಜಾಲಿ ಎಲೆ ಕೊಟ್ಟು ಹೂ ಬಿಟ್ಟದ್ದು

ಹಸಿದು ಬಾಗಿಲಿಗೆ ಬಂದವರಿಗೆ "ಮುಂದಕ್ಕೆ ಹೋಗು" ಅನ್ನಬಾರದು.

ಲೋಕ ಹೊಸದಾಗಿದ್ದಾಗ ಇದ್ದದ್ದು ಇದೊಂದೇ ಕಟ್ಟಳೆ. ಪಾಲಿಸುತ್ತೇವೆಂದು ಮಾತು ಕೊಟ್ಟವರೆಲ್ಲ ಇದನ್ನು ಮುರಿದರು.

ಆಗ ಲೋಕ ಎಷ್ಟು ಹೊಸದೆಂದರೆ, ಮಣ್ಣಿಗೆ ಇನ್ನೂ ಆವಿಗೆಯಿಂದ ಆಗ ತಾನೇ ತೆಗೆದ ಮಡಕೆಯ ವಾಸನೆ ಇತ್ತು. ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂದು ಗಟ್ಟಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿತ್ತು. ಬೆಟ್ಟಗಳು ಒಂದೊಂದು ಸಲ ಮಗ್ಗುಲು ಬದಲಿಸಿ ಮಲಗುತ್ತಿದ್ದವು. ಗಿಡ, ಹಕ್ಕಿ, ಗಾಳಿ, ಮನುಷ್ಯರು, ಎಲ್ಲರದೂ ಒಂದೇ ಮಾತು. ಸೂರ್ಯ ದಿನವೂ ನೆತ್ತಿಯ ಮೇಲೇ ಹಾದು ಹೋಗುತ್ತಿದ್ದ. ಹಾಗಾಗಿ ಚಳಿ ಎಂದರೇನೆಂದು ಯಾರಿಗೂ ತಿಳಿದಿರಲಿಲ್ಲ.

ಅಂಥ ಲೋಕದ ಮೊದಲ ತೋಟ ಕೆಂಚಕ್ಕನದು.

ಕೆಂಚಕ್ಕ ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಹೊಳೆಯೇ ಹೇಳುತ್ತಿತ್ತು. ಆದರೆ ಸುಮ್ಮನೆ ನೆಡುವವಳಲ್ಲ ಅವಳು. ಗುಂಡಿ ತೋಡಿ, ಗೊಬ್ಬರ ಹಾಕಿ, ಸಸಿ ನಿಲ್ಲಿಸಿ, ಪಾತಿ ಕಟ್ಟುತ್ತಿದ್ದಳು. ಆಮೇಲೆ ನೀರಿನ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು. ನೀರು ಮಾತ್ರ ಹಾಕುತ್ತಿರಲಿಲ್ಲ.

"ಹೇಳು," ಅನ್ನುತ್ತಿದ್ದಳು ಸಸಿಗೆ.

"ಏನು ಹೇಳಲವ್ವ?"

"ಹಸಿದು ಬಂದೋರಿಗೆ ಮುಂದಕ್ಕೆ ಹೋಗು ಅನ್ನಲ್ಲ ಅಂತ ಹೇಳು."

ಮಲ್ಲಿಗೆ ಇದನ್ನು ನಾಚಿಕೊಂಡು ಪಿಸುಗುಟ್ಟಿತು. "ಜೋರಾಗಿ ಹೇಳು, ಹೊಳೆಗೆ ಕೇಳಿಸಬೇಕು," ಎಂದಳು ಕೆಂಚಕ್ಕ. ಮಲ್ಲಿಗೆ ಜೋರಾಗಿ ಹೇಳಿತು. ಆಗ ಬಿಂದಿಗೆ ಬಾಗಿತು. ಸಂಪಿಗೆ ಹೇಳಿತು, ಬಿಂದಿಗೆ ಬಾಗಿತು. ದಾಸವಾಳ ಹೇಳಿತು, ಬಾಳೆ ಹೇಳಿತು, ಅವರೆ ಹೇಳಿತು. ಮಾತು ಕೊಟ್ಟವರಿಗೇ ಮೊದಲ ನೀರು.

ಕೆಂಚಕ್ಕನ ಗಂಡ ಬೊಮ್ಮಜ್ಜ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡಿ ನಗುತ್ತಿದ್ದ.

"ಲೇ ಕೆಂಚಿ, ಬದನೆ ಸಸಿ ಕೈಲೂ ಆಣೆ ಹಾಕಿಸ್ತೀಯಲ್ಲೇ! ಪಾಪ, ಅದಕ್ಕಿನ್ನೂ ಸರಿಯಾಗಿ ಬೇರೇ ಇಳಿದಿಲ್ಲ."

"ಬೇರು ಇಳಿದ ಮೇಲೆ ಯಾರು ಮಾತು ಕೇಳ್ತಾರೆ? ನಿನ್ನನ್ನೇ ನೋಡು," ಅನ್ನುತ್ತಿದ್ದಳು ಕೆಂಚಕ್ಕ.

ಅವಳಿಗೆ ತನ್ನ ತೋಟದ ಮೇಲೆ ಹೆಮ್ಮೆ. ಹೂವಿನ ಹೆಮ್ಮೆಗಿಂತ ಆ ಮಾತಿನ ಹೆಮ್ಮೆ ದೊಡ್ಡದು. ಹಕ್ಕಿ ಬಂದರೆ ಹಣ್ಣು, ಇರುವೆ ಬಂದರೆ ಬಿದ್ದ ಎಸಳು, ಮಣ್ಣುಗೋಡೆಯ ಪೊಟರೆಯಲ್ಲಿ ಸಂಸಾರ ಹೂಡಿದ್ದ ತುಡುವೆ ಜೇನುಗಳು ಬಂದರೆ ಬೇಕಾದಷ್ಟು ಹೂವು. ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ಜೇನುಗಳು ಹೂವಿನಿಂದ ಹೂವಿಗೆ ಹೋಗಿ ಬಂದದ್ದಕ್ಕೇ ಕಾಯಿ ಕಟ್ಟುತ್ತಿತ್ತು, ಕಾಯಿಯಿಂದ ಬೀಜ, ಬೀಜದಿಂದ ಮತ್ತೆ ಸಸಿ. ತೋಟ ನಡೆಯುತ್ತಿದ್ದದ್ದೇ ಹಾಗೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ತುಂಬಿದ ಮನೆಯಲ್ಲಿ ಕಟ್ಟಳೆ ಪಾಲಿಸುವುದು ದೊಡ್ಡ ಕೆಲಸವಲ್ಲ. ಯಾರು ಬೇಕಾದರೂ ಪಾಲಿಸುತ್ತಾರೆ.

ಒಂದು ದಿನ ಕೆಂಚಕ್ಕ ಮಂಕರಿಯಲ್ಲಿ ಆಡಿನ ಹಿಕ್ಕೆ ತಂದು ಪಾತಿಗಳಿಗೆ ಹರಡುತ್ತಿದ್ದಳು. ಹಿಕ್ಕೆಯ ನಡುವೆ ಒಂದು ಮೊಳಕೆ ತಲೆಯೆತ್ತಿತ್ತು. ಗುಬ್ಬಿಯ ಪುಕ್ಕದಷ್ಟು ಸಣ್ಣ ಎಲೆ. ಎತ್ತಿಕೊಳ್ಳಲು ಹೋದರೆ ಹೆಬ್ಬೆರಳಿಗೆ ಚುಚ್ಚಿತು.

"ಅಯ್ಯೋ ನಿನ್ನ! ಯಾರೋ ನೀನು?"

"ಗೊತ್ತಿಲ್ಲವ್ವ. ಆಡಿನ ಹೊಟ್ಟೇಲಿ ಬಂದೆ," ಎಂದಿತು ಮೊಳಕೆ.

ಬೊಮ್ಮಜ್ಜ ಜಗಲಿಯಿಂದಲೇ ಕತ್ತು ಚಾಚಿ ನೋಡಿದ. "ಜಾಲಿ ಕಣೇ ಅದು. ಮುಳ್ಳಿನ ಜಾತಿ. ಕಿತ್ತು ಒಲೆಗೆ ಹಾಕು."

"ಒಲೆಗೆ ಹಾಕೋಷ್ಟಾದರೂ ಬೆಳೀಲಿ ಬಿಡು," ಎಂದಳು ಕೆಂಚಕ್ಕ.

ತೋಟದ ಬಡಗಣ ಬೇಲಿಯಲ್ಲಿ ಒಂದು ಕಂಡಿ ಬಿದ್ದಿತ್ತು. ಆಡು ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಆ ಕಂಡಿಗೆ ಹೋಗಿ ಹಾರೆಯಿಂದ ಒಂದು ತೂತು ಮಾಡಿ ಮೊಳಕೆಯನ್ನು ಊರಿದಳು. ಗುಂಡಿ ಇಲ್ಲ, ಗೊಬ್ಬರ ಇಲ್ಲ, ಪಾತಿ ಇಲ್ಲ. ಒಂದಿಷ್ಟು ನೀರು ಚೆಲ್ಲಿ ಹೊರಟಳು.

"ಅವ್ವ," ಎಂದಿತು ಜಾಲಿ ಹಿಂದಿನಿಂದ. "ನನ್ನ ಕೈಲಿ ಹೇಳಿಸಲ್ವ?"

"ಏನನ್ನ?"

"ಎಲ್ಲರ ಕೈಲೂ ಹೇಳಿಸ್ತೀಯಲ್ಲ, ಅದನ್ನ."

ಕೆಂಚಕ್ಕ ನಕ್ಕುಬಿಟ್ಟಳು. "ನಿನ್ನ ಬಾಗಿಲಿಗೆ ಯಾರಪ್ಪ ಬರ್ತಾರೆ? ನೀನು ಬೇಲಿ. ಬಂದೋರನ್ನ ಆಚೆಗೆ ನಿಲ್ಲಿಸೋದೇ ನಿನ್ನ ಕೆಲಸ."

ಜಾಲಿ ಮತ್ತೆ ಕೇಳಲಿಲ್ಲ. ಬೆಳೆಯಿತು. ಯಾರೂ ನೀರು ಹಾಕದಿದ್ದರೂ ಬೆಳೆಯಿತು. ಕೆಂಚಕ್ಕನ ಎದೆಯೆತ್ತರ ಬಂತು, ತಲೆಯೆತ್ತರ ಬಂತು. ಆಡು ಬಂದು ಮೂಗು ಚುಚ್ಚಿಸಿಕೊಂಡು ಹೋಯಿತು.

"ನಮ್ಮ ಕಡೆಗೆ ಕೈ ಚಾಚಬೇಡಪ್ಪ ಮಾರಾಯ, ಸೀರೆ ಹರಿದೀತು," ಎಂದು ಸಂಪಿಗೆ ಮೂಗು ಮುರಿಯುತ್ತಿತ್ತು. ಜಾಲಿ ಕೈ ಒಳಕ್ಕೆಳೆದುಕೊಳ್ಳುತ್ತಿತ್ತು. ಜಾಸ್ತಿ ಮಾತಿನ ಗಿಡವಲ್ಲ ಅದು. ಆದರೆ ಕಿವಿ ಚುರುಕು. ಒಳಗೆ ಹೊಸ ಸಸಿ ನೆಟ್ಟಾಗಲೆಲ್ಲ ಆ ಮಾತು ಬೇಲಿಯ ತನಕ ಕೇಳಿಸುತ್ತಿತ್ತು. ಜಾಲಿ ತಲೆ ಬಾಗಿಸಿ ಕೇಳುತ್ತಿತ್ತು.

ಹೀಗಿರುವಾಗ ಸೂರ್ಯನಿಗೆ ಒಂದು ಆಸೆ ಹುಟ್ಟಿತು. "ದಿನಾ ಇದೇ ದಾರಿ ನಡೆದು ಬೇಜಾರಾಗಿದೆ. ತೆಂಕಣ ಸೀಮೆ ಹೇಗಿದೆಯೋ ನೋಡಿಕೊಂಡು ಬರ್ತೀನಿ," ಎಂದು ಹೊಳೆಗೆ ಹೇಳಿ, ಆ ಕಡೆ ವಾಲಿಕೊಂಡು ಹೊರಟ. ಹಗಲು ಮೋಟಾಯಿತು. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಬಿಳಿ ಮಂಜು. ಹೊಳೆಯ ಮೇಲೆ ಹೊಗೆ. ಲೋಕಕ್ಕೆ ಮೊದಲ ಮಾಗಿ ಬಂದಿತ್ತು.

ಅದರ ಜೊತೆಗೆ ಒಬ್ಬ ಹೊಸ ಗಾಳಿ ಬಂದ. ಬಡಗಣ ಬೆಟ್ಟ ಇಳಿದು, ಕೈ ಉಜ್ಜಿಕೊಳ್ಳುತ್ತ ಬಂದು ತೋಟದಲ್ಲಿ ನಿಂತ.

"ನಾನು ಮಾಗಿ ಗಾಳಿ. ಮೊನ್ನೆ ಹುಟ್ಟಿದೆ. ಹೊಟ್ಟೆಗೆ ಏನೂ ಇಲ್ಲ. ಒಂದೆರಡು ಎಲೆ ಕೊಡ್ತೀರಾ?"

ತೋಟವೆಲ್ಲ ಎಲೆಗಳನ್ನು ಬಿಗಿಯಾಗಿ ಅವಚಿಕೊಂಡಿತು. ಎಲೆ ಕೊಡುವುದೇ? ಆ ಕಾಲದಲ್ಲಿ ಯಾವ ಗಿಡವೂ ತಾನಾಗಿ ಎಲೆ ಉದುರಿಸಿದ್ದಿಲ್ಲ. ಬರಿಗೊಂಬೆಯ ಗಿಡ ಎಂದರೆ ಸತ್ತ ಗಿಡ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

"ಇಲ್ಲ ಕಣಪ್ಪ. ಮುಂದಕ್ಕೆ ಹೋಗು," ಎಂದಿತು ಸಂಪಿಗೆ.

ಅಂದ ಮೇಲೆ ಸಂಪಿಗೆಗೇ ಒಂದು ಗಳಿಗೆ ಗಾಬರಿಯಾಯಿತು. ಎಲ್ಲರೂ ಅದರ ಮುಖ ನೋಡಿದರು. ಬೆಟ್ಟ ಬೀಳಲಿಲ್ಲ, ಹೊಳೆ ಬತ್ತಲಿಲ್ಲ. ಹಾಗಾಗಿ ದಾಸವಾಳವೂ ಅಂದಿತು, ಬಾಳೆಯೂ ಅಂದಿತು. ಒಮ್ಮೆ ಬಾಯಿಗೆ ಬಂದ ಕೆಟ್ಟ ಮಾತು ಎರಡನೇ ಸಲಕ್ಕೆ ಅಪ್ಪಣೆ ಕೇಳುವುದಿಲ್ಲ.

ಗಾಳಿ ಬೇಲಿ ಹಾರಿ ಬಯಲಿಗೆ ಹೋಗಿ ಊಳಿಟ್ಟ. ಗಿಡಗಳು ಚಳಿಗೆ ಹೆದರಿ ಮೊಗ್ಗು ಮುಚ್ಚಿಕೊಂಡವು. ತೋಟದಲ್ಲಿ ಒಂದೇ ಒಂದು ಹೂವು ಉಳಿಯಲಿಲ್ಲ.

ಪೊಟರೆಯ ಜೇನುಗೂಡಿನಲ್ಲಿ ಆಗ ಕಷ್ಟ ಶುರುವಾಯಿತು. ಮಳೆಗಾಲ ಮುಗಿಯುತ್ತಿದ್ದ ಹಾಗೆ ಕೆಂಚಕ್ಕ ಜೇನು ಹಿಂಡಿ ಗಡಿಗೆಗೆ ತುಂಬಿಕೊಂಡಿದ್ದಳು. ನಾಳೆ ಹೂವಿಲ್ಲವೇ, ಮತ್ತೆ ಕಟ್ಟಿಕೊಳ್ಳುತ್ತವೆ ಅಂದುಕೊಂಡಿದ್ದಳು. ಹೂವಿಲ್ಲದ ನಾಳೆಯನ್ನು ಯಾರೂ ಕಂಡಿರಲಿಲ್ಲವಲ್ಲ. ಈಗ ಗೂಡಿನಲ್ಲಿ ತಿನ್ನಲು ಏನೂ ಇಲ್ಲ. ಮೇಣದ ತೊಟ್ಟಿಲುಗಳಲ್ಲಿ ಎಳೆಯ ಮರಿಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವು ಸತ್ತರೆ ಗೂಡು ಖಾಲಿ. ಗೂಡು ಖಾಲಿಯಾದರೆ ಮುಂದೆ ಕಾಯಿಲ್ಲ, ಬೀಜವಿಲ್ಲ, ತೋಟವಿಲ್ಲ.

ಒಂದು ಬೆಳಗ್ಗೆ ಗೂಡಿನ ಹಿರಿಯ ಜೇನಮ್ಮ ಮಂಜಿನಲ್ಲಿ ರೆಕ್ಕೆ ಒದ್ದೆ ಮಾಡಿಕೊಂಡು ತೋಟಕ್ಕೆ ಬಂದಳು. ಕೆಂಚಕ್ಕ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿದ್ದಳು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳಿಸುತ್ತಿತ್ತು.

"ಮಲ್ಲಿಗೆ, ಮಕ್ಕಳು ಹಸಿದಿವೆ ಕಣೇ. ಒಂದು ಹೂವು ಬಿಡೇ."

"ಈ ಚಳೀಲಿ ಬಿರಿದರೆ ಎಸಳೆಲ್ಲ ಕಪ್ಪಾಗುತ್ತೆ. ಮುಂದಕ್ಕೆ ಹೋಗಮ್ಮ, ದಾಸವಾಳ ಇದಾಳಲ್ಲ."

"ನನ್ನದು ವಾಸನೆಯಿಲ್ಲದ ಹೂವು. ನಿನಗೆಲ್ಲಿ ರುಚಿಸುತ್ತೆ?" ಎಂದಿತು ದಾಸವಾಳ. "ಮುಂದಕ್ಕೆ ಹೋಗು."

ಬಾಳೆ ಎಲೆಯನ್ನು ಸುತ್ತಿಕೊಂಡೇ ಮಾತಾಡಿತು. "ನಾನು ಜೀವಮಾನಕ್ಕೆ ಒಂದೇ ಸಲ ಹೂ ಬಿಡೋಳು. ನಿನ್ನ ಇವತ್ತಿನ ಹಸಿವಿಗೆ ಅದನ್ನ ಹಾಳು ಮಾಡ್ಕೊಳ್ಳಲಾ? ಚೆನ್ನಾಗಿದೆ! ಮುಂದಕ್ಕೆ ಹೋಗು."

"ನನ್ನ ಬಳ್ಳಿ ಈಗಿನ್ನೂ ಚಪ್ಪರ ಹತ್ತುತಾ ಇದೆ," ಎಂದಿತು ಅವರೆ. ಅದೂ ಆ ಮಾತನ್ನೇ ಹೇಳಿತು. ಆಮೇಲೆ ಅದಕ್ಕೆ ಎಷ್ಟು ನಾಚಿಕೆಯಾಯಿತೆಂದರೆ, ಮುಂದಿನ ವರ್ಷದಿಂದ ಮಾಗಿಯಲ್ಲೇ ಹೂ ಬಿಡಲು ಕಲಿತುಕೊಂಡಿತು. ಆದರೆ ಆ ದಿನ ಕಲಿತಿರಲಿಲ್ಲ.

ಸಂಪಿಗೆ ಎಲ್ಲರಿಗಿಂತ ಜಾಣೆ. "ಅಲ್ಲಮ್ಮ, ನಮ್ಮನ್ನ ಯಾಕೆ ಕೇಳ್ತೀಯ? ಅವ್ವನ ಮನೇಲಿ ಗಡಿಗೇಲಿ ನಿಮ್ಮದೇ ಜೇನಿದೆ. ಮುಂದಕ್ಕೆ ಹೋಗು, ಅಲ್ಲಿ ಕೇಳು."

ಕೆಂಚಕ್ಕನಿಗೆ ಮೈ ಉರಿದುಹೋಯಿತು. ಒಬ್ಬೊಬ್ಬರ ಬಾಯಲ್ಲೂ ತಾನೇ ನಿಂತು ಹೇಳಿಸಿದ ಮಾತು! ಸೊಂಟ ನೋಯುವ ತನಕ ಬಿಂದಿಗೆ ಹೊತ್ತು, ಹೊಳೆಗೆ ಕೇಳಿಸುವ ಹಾಗೆ ಹೇಳಿಸಿದ ಮಾತು! ಇವರಿಗೆಲ್ಲ ಬುದ್ಧಿ ಹೇಳಬೇಕೆಂದು ಕಂಬಳಿ ಬಿಗಿದುಕೊಂಡು ಎದ್ದಳು. ಅಷ್ಟರಲ್ಲಿ ಜೇನಮ್ಮ ಬಂದು ಹೊಸ್ತಿಲ ಮೇಲೆ ಕೂತಳು.

"ಅವ್ವ, ಒಂದು ತೊಟ್ಟು ಜೇನು ಕೊಡ್ತೀಯ? ಮಕ್ಕಳಿಗೆ ಹೂವು ಹುಡುಕಬೇಕು. ಹುಡುಕೋಕೆ ರೆಕ್ಕೇಲಿ ಶಕ್ತಿ ಇಲ್ಲ."

ಒಳಗೆ ಬೊಮ್ಮಜ್ಜ ಕೆಮ್ಮಿದ. ಮಾಗಿ ಬಂದಾಗಿನಿಂದ ಅವನಿಗೆ ಕೆಮ್ಮು. ದಿನವೂ ಬಿಸಿನೀರಿಗೆ ಜೇನು ಕಲಸಿ ಕೊಡುತ್ತಿದ್ದಳು. ಗಡಿಗೆ ತಳ ಕಾಣುತ್ತಿತ್ತು. ಈ ಚಳಿ ಎಲ್ಲಿಯ ತನಕವೋ, ಸೂರ್ಯ ತಿರುಗಿ ಬರುತ್ತಾನೋ ಇಲ್ಲವೋ, ಯಾರಿಗೆ ಗೊತ್ತು? ಮುದುಕನಿಗೆ ಏನಾದರೂ ಆದರೆ?

"ಮನೇಲಿ ಹುಷಾರಿಲ್ಲ ಕಣಮ್ಮ," ಎಂದಳು ಕೆಂಚಕ್ಕ. "ಮುಂದಕ್ಕೆ ಹೋಗು."

ಜೇನಮ್ಮ ಬೇಡಲಿಲ್ಲ, ಬೈಯಲಿಲ್ಲ. "ಆಗಲಿ ಅವ್ವ," ಎಂದು ಹೊಸ್ತಿಲು ಬಿಟ್ಟು ಹಾರಿದಳು.

ಕೆಂಚಕ್ಕ ಅಲ್ಲೇ ನಿಂತಳು. ಮಲ್ಲಿಗೆ, ದಾಸವಾಳ, ಬಾಳೆ, ಅವರೆ, ಸಂಪಿಗೆ, ಎಲ್ಲವೂ ಅವಳನ್ನೇ ನೋಡುತ್ತಿದ್ದವು. ಬೈಯಲು ಎದ್ದವಳಿಗೆ ಈಗ ಬೈಯಲು ಬಾಯಿರಲಿಲ್ಲ.

"ಏನಂದೆ ಲೇ ಅವಳಿಗೆ?" ಎಂದ ಬೊಮ್ಮಜ್ಜ ಒಳಗಿಂದ.

"ಏನೂ ಇಲ್ಲ. ಮಲಕ್ಕೋ."

"ಕೇಳಿಸ್ತು ಬಿಡು. ಕೆಮ್ಮು ಬಂದಿರೋದು ಗಂಟಲಿಗೆ, ಕಿವಿಗಲ್ಲ." ಅವನು ಎದ್ದು ಗೋಡೆಗೆ ಒರಗಿ ಕೂತ. "ಜೀವಮಾನವೆಲ್ಲ ನೀನು ಹಾಕಿಸಿದ ಆಣೆ ನೋಡಿ ನಕ್ಕಿದೀನಿ, ನಿಜ. ಆದರೆ ನನ್ನ ಹೆಂಡತಿ ಅಂದರೆ ಹೀಗೆ ಅಂತ ಊರು ತುಂಬ ಹೇಳ್ಕೊಂಡೂ ಬಂದಿದೀನಿ. ನನ್ನ ಕೆಮ್ಮಿನ ಹೆಸರಲ್ಲಿ ಕಟ್ಟಳೆ ಮುರೀಬೇಡ ಕಣೇ. ಬಿಸಿನೀರು ಕುಡಿದು ಬದುಕ್ತೀನಿ. ಎತ್ತು ಗಡಿಗೆ."

ಕೆಂಚಕ್ಕ ಗಡಿಗೆ ಎತ್ತಿಕೊಂಡು ಓಡಿದಳು. ಕಂಬಳಿ ಜಾರಿ ಬಿದ್ದದ್ದೂ ತಿಳಿಯಲಿಲ್ಲ.

ಅಷ್ಟರಲ್ಲಿ ಜೇನಮ್ಮ ತೋಟ ದಾಟಿ ಬಡಗಣ ಬೇಲಿಗೆ ಹೋಗಿದ್ದಳು. ಅಲ್ಲಿಂದ ಮುಂದೆ ಬರಿ ಬಯಲು, ಮಂಜು, ಊಳಿಡುವ ಗಾಳಿ. ಮುಂದಕ್ಕೆ ಹೋಗು ಎಂದವರೆಲ್ಲ ಯಾವ ಮುಂದಕ್ಕೆ ಕಳಿಸಿದ್ದರೋ, ಆ ಮುಂದು ಇದೇ.

ಜೇನಮ್ಮ ಜಾಲಿಯ ಒಂದು ಮುಳ್ಳಿನ ಮೇಲೆ ಕೂತಳು. ಏನೂ ಕೇಳಲಿಲ್ಲ. ಮುಳ್ಳಿನ ಹತ್ತಿರ ಕೇಳುವುದಾದರೂ ಏನು?

"ಹಸಿದಿದೀಯ," ಎಂದಿತು ಜಾಲಿ.

"ಹೌದಪ್ಪ. ಸ್ವಲ್ಪ ಕೂತಿದ್ದು ಹೋಗ್ತೀನಿ."

"ಹೋಗಬೇಡ. ಈಗ ನನ್ನ ಹತ್ತಿರ ಹೂವಿಲ್ಲ. ಆದರೆ ಬಾಗಿಲಿಗೆ ಬಂದಿದೀಯ. ಕೂತ್ಕೊ, ನೋಡ್ತೀನಿ."

ಕೆಂಚಕ್ಕ ಏದುಸಿರು ಬಿಡುತ್ತ ಬಂದಳು. ಗಡಿಗೆ ಬಗ್ಗಿಸಿ, ತಳದ ಜೇನನ್ನು ಬೆರಳಿಗೆ ಬಳಿದು ಚಾಚಿದಳು. "ತಗೋ ತಾಯಿ. ನನ್ನ ಬಾಯಿಗೆ ಏನೋ ಬಡಿದಿತ್ತು. ಎಲ್ಲಾ ತಗೋ. ನಿಮ್ಮದೇ ಇದು."

ಜೇನಮ್ಮ ಆ ತೊಟ್ಟನ್ನು ಹೀರಿದಳು. ರೆಕ್ಕೆ ಸ್ವಲ್ಪ ಬಿಚ್ಚಿಕೊಂಡಿತು. "ಕೊಟ್ಟದ್ದನ್ನ ಬೇಡ ಅನ್ನಲ್ಲ ಅವ್ವ. ಆದರೆ ಇದು ದೊಡ್ಡವರಾದ ನಮಗಾಯ್ತು. ತೊಟ್ಟಿಲ ಮಕ್ಕಳು ಬರೀ ಜೇನಲ್ಲಿ ಬೆಳೆಯಲ್ಲ. ಅವಕ್ಕೆ ಹೂವಿನ ಹಳದಿ ಪುಡಿ ಬೇಕು. ಹೂವೇ ಬೇಕು."

ಕೆಂಚಕ್ಕನ ಕೈ ಕೆಳಗಿಳಿಯಿತು. ಇಡೀ ತೋಟ ಬೆಳೆಸಿದವಳು ಅವಳು. ಆದರೂ ಒಂದು ಹೂವು ಅರಳಿಸುವುದು ಅವಳ ಕೈಯಲ್ಲಿರಲಿಲ್ಲ.

ಜಾಲಿ ತನ್ನ ಬೇರುಗಳನ್ನು ಕೇಳಿತು. ಬೇರುಗಳು ಕೆಳಗೆಲ್ಲ ತಡಕಿ ನೋಡಿ ಹೇಳಿದವು: "ಇರೋದು ಇಷ್ಟೇ ರಸ. ಎಲೆ ಸಾಕಬಹುದು, ಇಲ್ಲ ಹೂವು ಬಿಡಬಹುದು. ಎರಡೂ ಆಗಲ್ಲ."

"ಸರಿ," ಎಂದಿತು ಜಾಲಿ.

ಕೆಂಚಕ್ಕನಿಗೆ ಅರ್ಥವಾಯಿತು. "ಬೇಡ ಕಣೋ! ಎಲೆ ಉದುರಿಸಿದ ಗಿಡ ಬದುಕಿದ್ದನ್ನ ನಾನು ನೋಡಿಲ್ಲ. ಇಷ್ಟು ಗಿಡ ಬೆಳೆಸಿದೀನಿ, ಬೋಳಾದದ್ದು ಒಂದೂ ಬದುಕಿಲ್ಲ. ಸಾಯ್ತೀಯ!"

"ಸಾಯ್ಲೂಬಹುದು."

"ಮಾತು ಕೊಟ್ಟೋರೇ ಮುರಿದು ಕೂತವ್ರೆ, ಮಗ. ನಾನೇ ಮುರಿದೆ. ನಿನ್ನ ಕೈಲಿ ನಾನು ಮಾತೇ ತಗೊಂಡಿಲ್ಲವಲ್ಲ. ನಿನಗೆ ಕಟ್ಟಳೆ ಇಲ್ಲ."

"ನೀನು ತಗೊಳ್ಳಲಿಲ್ಲ ಅವ್ವ," ಎಂದಿತು ಜಾಲಿ. "ನಾನು ಕೇಳಿಸ್ಕೊಂಡೆ."

ದೂರದಲ್ಲಿ ಸಂಪಿಗೆ ಕೂಗಿ ಹೇಳಿತು: "ಲೋ ಮುಳ್ಳು, ಎಲೆ ಉದುರಿಸಿ ಬರಿಮೈಲಿ ನಿಲ್ತೀಯೇನೋ? ಮಾನ ಇಲ್ವೇನೋ?"

ಜಾಲಿ ಆ ಕಡೆ ತಿರುಗಿಯೂ ನೋಡಲಿಲ್ಲ. ಬಯಲಿಗೆ ಮುಖ ಮಾಡಿ ಕರೆಯಿತು: "ಮಾಗಿ ಗಾಳೀ! ಹಸಿವು ಅಂತಿದ್ದೆಯಲ್ಲ, ಬಾ."

ಗಾಳಿ ಊಳಿಡುವುದನ್ನು ನಿಲ್ಲಿಸಿದ. ತನ್ನನ್ನು ಯಾರಾದರೂ ಬಾ ಅಂದದ್ದು ಅದೇ ಮೊದಲು. ನಂಬದವನ ಹಾಗೆ ಮೆಲ್ಲಗೆ ಬಂದು ಬೇಲಿಯ ಆಚೆ ನಿಂತ. ಜಾಲಿ ಮೈ ಕೊಡವಿತು. ಪುಕ್ಕದಂಥ ಎಲೆಗಳು ಒಂದೊಂದಾಗಿ ಬಿಟ್ಟುಕೊಂಡು ಗಾಳಿಯ ಬೊಗಸೆಗೆ ಬಿದ್ದವು. ಗಾಳಿ ಉಂಡ. ಉಂಡು, ಹೊಟ್ಟೆ ತುಂಬಿದ ಮಗುವಿನ ಹಾಗೆ ತಣ್ಣಗಾದ.

ಜಾಲಿ ಬರಿ ಮುಳ್ಳಾಗಿ ನಿಂತಿತು. ಕೆಂಚಕ್ಕ ಬರಿಗೈಯಿಂದ ಅದರ ಬುಡಕ್ಕೆ ಮಣ್ಣು ಏರಿಸಿ, ಜಾರಿಬಿದ್ದ ಕಂಬಳಿ ತಂದು ಬುಡಕ್ಕೆ ಸುತ್ತಿದಳು. ಜೇನಮ್ಮ ಅದೇ ಮುಳ್ಳಿನ ಮೇಲೆ ಕಾದಳು.

ಆಗ ಎಲೆಗೆ ಹೋಗುತ್ತಿದ್ದ ರಸವೆಲ್ಲ ಮುಳ್ಳಿನ ಸಂದಿಗೆ ತಿರುಗಿತು. ಅಲ್ಲಿ ಒಂದು ಹಸಿರು ಗುಂಡು ಕಾಣಿಸಿತು, ಜೋಳದ ಕಾಳಿನಷ್ಟು. ಅದು ಉಬ್ಬಿತು, ಬಿರಿಯಿತು. ಅರಿಶಿನದ ಪುಡಿಯನ್ನೇ ಉಂಡೆ ಕಟ್ಟಿ ಇಟ್ಟ ಹಾಗೆ ಒಂದು ಹೂವು! ಅದರ ಪಕ್ಕದಲ್ಲಿ ಇನ್ನೊಂದು, ಮೇಲೆ ಮತ್ತೊಂದು, ಕೊಂಬೆ ತುಂಬ, ತುದಿಯ ತನಕ.

ಇನ್ನು ಅದರ ಪರಿಮಳವೋ! ಅಂಥದ್ದು ತೋಟದಲ್ಲಿ ಯಾರಲ್ಲೂ ಇರಲಿಲ್ಲ. ಜೇನುಗಳು ಮಂಜಿನಲ್ಲಿ ದಾರಿ ತಪ್ಪಬಾರದಲ್ಲ, ಅದಕ್ಕೆ ಜಾಲಿ ತನ್ನಲ್ಲಿದ್ದದ್ದನ್ನೆಲ್ಲ ವಾಸನೆಗೆ ಸುರಿದಿತ್ತು. ಉಂಡ ಮನೆಯ ಋಣ ತಿಳಿದ ಗಾಳಿ ಆ ವಾಸನೆಯನ್ನು ಹೆಗಲ ಮೇಲೆ ಹೊತ್ತು ಪೊಟರೆಯ ಬಾಗಿಲಿಗೆ ಮುಟ್ಟಿಸಿದ. ಗೂಡಿನ ಜೇನುಗಳೆಲ್ಲ ಎದ್ದು, ಮಂಜಿನಲ್ಲಿ ಕಣ್ಣು ಕಾಣದಿದ್ದರೂ ವಾಸನೆ ಹಿಡಿದು ಬಂದವು. ಕಾಲು ತುಂಬ ಹಳದಿ ಪುಡಿ ಮೆತ್ತಿಕೊಂಡು ಹೋದವು, ಮತ್ತೆ ಬಂದವು. ತೊಟ್ಟಿಲ ಮಕ್ಕಳು ಉಂಡವು.

ಕೆಂಚಕ್ಕ ಬೇಲಿಯ ಹತ್ತಿರ ನೆಟ್ಟಗೆ ನಿಂತಳು. ಅವಳ ತಲೆ ಅಷ್ಟು ಎತ್ತರಕ್ಕೆ ಹೋದದ್ದನ್ನು ತೋಟ ಹಿಂದೆಂದೂ ಕಂಡಿರಲಿಲ್ಲ.

"ಬಾರೋ ಮುದುಕಪ್ಪ, ಕೆಮ್ಮಿಕೊಂಡಾದರೂ ಬಾ!" ಎಂದು ಕೂಗಿದಳು. "ಒಲೆಗೆ ಹಾಕು ಅಂದಿದ್ದೆಯಲ್ಲ, ಬಂದು ನೋಡು ನನ್ನ ಮಗನ್ನ!"

ಬೊಮ್ಮಜ್ಜ ಕೋಲೂರಿಕೊಂಡು ಬಂದ. ನೋಡಿದ. ತಲೆಯ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ನಿನ್ನ ಮಗ ಅಂತೀಯ, ನೀರು ಹಾಕಿದ್ದು ಯಾವಾಗ?" ಎಂದ. ಕೆಂಚಕ್ಕ ಹೊಳೆಗೆ ಹೋಗಿ ಬಿಂದಿಗೆ ತುಂಬಿ ತಂದಳು.

ಸೂರ್ಯ ತೆಂಕಣ ಸೀಮೆ ನೋಡಿ ತಿರುಗಿ ಬಂದ. ಬಿಸಿಲು ಏರಿತು. ಗಿಡಗಳು ಮೊಗ್ಗು ಬಿಚ್ಚಿದವು, ಬದುಕಿದ್ದ ಜೇನುಗಳು ಹೂವಿನಿಂದ ಹೂವಿಗೆ ಹೋದವು, ಕಾಯಿ ಕಟ್ಟಿತು. ಜಾಲಿ ಮಾತ್ರ ಹೂವು ಕಳೆದು ಬೋಳಾಗಿ ನಿಂತಿತ್ತು. "ಹೋಯ್ತು ಪಾಪ," ಎಂದಿತು ಮಲ್ಲಿಗೆ. ಕೆಂಚಕ್ಕ ಹೋಗಿ, ಉಗುರಿನಿಂದ ಅದರ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರು! ಎಳೆ ಹುಣಸೆಕಾಯಿಯಂಥ ಹಸಿರು. ಕೆಲವು ದಿನಕ್ಕೆ ಗಂಟುಗಂಟಿನಲ್ಲೂ ಪುಕ್ಕದಂಥ ಎಲೆ ಬಂತು.

ಎಲೆ ಉದುರಿಸಿದ ಗಿಡವೂ ಬದುಕುತ್ತದೆ ಎಂದು ಲೋಕಕ್ಕೆ ತಿಳಿದದ್ದು ಆ ದಿನ.

ಮರುವರ್ಷ ಸೂರ್ಯ ಮತ್ತೆ ತೆಂಕಣಕ್ಕೆ ವಾಲುವ ಹೊತ್ತಿಗೆ, ಕೆಂಚಕ್ಕ ತೋಟದ ನಟ್ಟನಡುವೆ, ಸಂಪಿಗೆಯ ಪಕ್ಕದಲ್ಲಿ, ಒಂದು ಗುಂಡಿ ತೋಡಿದಳು. ಅಷ್ಟು ಅಗಲದ ಗುಂಡಿಯನ್ನು ಅವಳು ಯಾರಿಗೂ ತೋಡಿರಲಿಲ್ಲ. ಹಳೆಯ ಗೊಬ್ಬರ ತುಂಬಿದಳು, ಪಾತಿ ಕಟ್ಟಿದಳು. ಸಂಪಿಗೆ ತಾನಾಗಿ ಕೊಂಬೆ ಸರಿಸಿ ಜಾಗ ಮಾಡಿಕೊಟ್ಟಿತು. ಕೆಂಚಕ್ಕ ಬಿಂದಿಗೆ ಹೊತ್ತು ಬೇಲಿಗೆ ಬಂದಳು.

"ಏಳಪ್ಪ. ಒಳಕ್ಕೆ ಬಾ. ಇನ್ನು ನೀನು ಬೇಲಿಯಲ್ಲ, ತೋಟದ ಯಜಮಾನ."

"ಒಳಗೆ ಬಂದರೆ ಇಲ್ಲಿ ಯಾರು ನಿಲ್ತಾರೆ ಅವ್ವ?"

"ಬೇರೆ ಯಾವುದಾದರೂ ಮುಳ್ಳು ಕಡಿದು ಹಾಕ್ತೀನಿ."

"ಕಡಿದ ಮುಳ್ಳಿಗೆ ಕಿವಿ ಇರಲ್ಲ," ಎಂದಿತು ಜಾಲಿ. "ಚಳಿ ಮೊದಲು ಬರೋದು ಬೇಲಿಗೆ. ಹಸಿದೋರು ಕಡೇಲಿ ಬಂದು ಬೀಳೋದೂ ಬೇಲಿಗೆ. ನಡುಮನೇಲಿ ಕೂತರೆ ನನಗೆ ಹೇಗೆ ಗೊತ್ತಾಗುತ್ತೆ?"

ಕೆಂಚಕ್ಕ ಬಿಂದಿಗೆ ಕೆಳಗಿಟ್ಟಳು. "ಹಾಗಾದರೆ ಇಲ್ಲೇ ಪಾತಿ ಕಟ್ತೀನಿ. ಕಟ್ಟಿಸ್ಕೊಳ್ಳೋದಿಲ್ಲ ಅನ್ನಬೇಡ."

"ಕಟ್ಟು ಅವ್ವ. ಆದರೆ ಬೇಗ. ಬಡಗಣ ಬೆಟ್ಟದ ಕಡೆಯಿಂದ ಗಾಳಿ ಹುಡುಗ ಇಳಿದು ಬರ್ತಾ ಇದಾನೆ, ಹಸಿದಿರ್ತಾನೆ."

ಹಾಗೆ ಹೇಳಿ, ಕೆಂಚಕ್ಕ ಗುದ್ದಲಿ ಎತ್ತುವ ಮೊದಲೇ, ಜಾಲಿ ಕೊಂಬೆಗಳನ್ನು ಬಯಲಿನ ಕಡೆಗೆ ಚಾಚಿ ತನ್ನ ಎಲೆಗಳನ್ನೆಲ್ಲ ಬಿಟ್ಟುಕೊಟ್ಟಿತು. ಅದಕ್ಕೇ ಮಕ್ಕಳೇ, ಮಾಗಿಯ ಮುಂಜಾನೆ ನೀವು ಹೊಲದ ಬದುವಿನಲ್ಲೋ ತೋಟದ ಬೇಲಿಯಲ್ಲೋ ಕಸ್ತೂರಿ ಜಾಲಿಯನ್ನು ಕಂಡರೆ, ಅದು ಎಲೆಯನ್ನು ಗಾಳಿಗೆ ಕೊಟ್ಟು, ಬರಿ ಮುಳ್ಳಿನ ನಡುವೆ ಹಳದಿ ಹೂವು ಅರಳಿಸಿ, ಮಂಜಿನೊಳಗೆ ಇನ್ನೂ ಕಾಣಿಸದ ಜೇನುಗಳನ್ನು ಪರಿಮಳದಿಂದ ಕರೆಯುತ್ತ ತಲೆಯೆತ್ತಿ ನಿಂತಿರುತ್ತದೆ.